ಮುಖವಾಡ ತೊಟ್ಟವರ ಕೆಂಪು ವೈನು

ನೌಸಾ, ಉತ್ತರ ಗ್ರೀಸ್, ಕಾರ್ನಿವಲ್ ಭಾನುವಾರ

ಅಮ್ಮಾ,
ನಾಚಿಕೆಯಿಂದ ಸಾಯ್ಬೇಕು, ಆದ್ರೂ ನಗು ತಡೆಯೋಕಾಗ್ತಿಲ್ಲ! ಇಲ್ಲಿ ಹಬ್ಬದ ಕುಣಿತದವರು ಮೇಣದ ಮುಖವಾಡ ಬಿಚ್ಚೋ ಹಾಗಿಲ್ಲ. ಊರಿನ ಕೆಂಪು ವೈನನ್ನು ಸ್ಟ್ರಾ ಹಾಕಿ ಹೀರ್ತಾರೆ. ನನ್ನ ಗಂಡ ಸ್ಟೆರ್ಯೋಸ್ ಅಂದ್ಕೊಂಡು ಮುಖವಾಡದವರೊಬ್ಬರಿಗೆ ಲೋಟ ಹಿಡಿದು, "ಏನ್ರೀ ಇದು, ಬಾಯೆಲ್ಲ ಒಗರು! ಇದನ್ನ ನಿಮ್ಮಪ್ಪ ವೈನ್ ಅಂತ ಮಾರ್ತಾರಾ?" ಅಂದೆ. ಮುಖವಾಡದ ಒಳಗಿಂದ ಬಂದದ್ದು ಮಾವನ ದನಿ! "ಹಾಗೇ ಕುಡಿದ್ರೆ ಒಗರೇ ಕಣಮ್ಮಾ. ಮೊದ್ಲು ಸುಟ್ಟ ಮಾಂಸ ಕಚ್ಚು, ಆಮೇಲೆ ಬೈಯಿ."

ಕಚ್ಚಿದೆ, ಕುಡಿದೆ. ಅಬ್ಬಾ, ಒಗರು ಮಾಯ, ವೈನಲ್ಲಿ ಒಣಗಿಸಿದ ಟೊಮೇಟೊ ಘಮ! ಇನ್ನೊಂದು ಲೋಟ ನಾನೇ ಕೇಳಿದೆ.

ನೀನು ಕೇಳಿದ್ದ ನನ್ನ ಕೆಮ್ಮು ವಾಸಿಯಾಗಿದೆ. ಇದನ್ನ ಅಪ್ಪನಿಗೆ ಓದಿ ಹೇಳ್ಬೇಡ, ನಮ್ಮ ಸ್ಯಾಂಟೊರಿನಿ ದ್ವೀಪದ ಬಿಳಿ ವೈನ್ ಬಿಟ್ರೆ ಬೇರೆಲ್ಲ ಹುಳಿನೀರು ಅನ್ನೋರು ಅವರು. ಕಾರ್ಡು ಅವರ ಕೈಗೇ ಸಿಕ್ಕಿದ್ರೆ: ಅಪ್ಪಾ, ಎರಡು ಬಾಟಲಿ ಕಳಿಸ್ತಿದ್ದೀನಿ. ಮೊದ್ಲು ಮಾಂಸ ಕಚ್ಚಿ, ಆಮೇಲೆ ಬೈಯಿರಿ.

ನಿಮ್ಮ ಅಸಿಮಿನಾ