ಒಂದನೇ ಗುಂಡಿ

ಅಕ್ಟೋಬರ್ 5, ಶನಿವಾರ. ಬೆಳಿಗ್ಗೆ 7

ಕಾರಿನ ಆಯಿಲ್ ಕಡ್ಡಿ ನೋಡಿದೆ. ಸರಿಯಿದೆ. ರೇಡಿಯೇಟರ್‌ನಲ್ಲಿ ನೀರು ಒಂದು ಲೋಟ ಕಡಿಮೆ, ಹಾಕಿದೆ. ಹಿಂದಿನ ಎಡಗಡೆ ಟೈರಿಗೆ ಕಾಲುಪಂಪಿನಲ್ಲಿ ಗಾಳಿ. ಸೊಂಟ ಹಿಡೀತು. ಮೂವತ್ತೊಂದು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ನಿಂತ ಸೊಂಟ. ಅದಕ್ಕೂ ಸರ್ವೀಸ್ ಬೇಕು, ಮಾಡೋರು ಯಾರು?

ಬ್ಯಾಟರಿ ಮತ್ತೆ ಇಳಿದಿದೆ. ಮೊನ್ನೆ ತಾನೇ ಚಾರ್ಜ್ ಹಾಕಿದ್ದು. ದಿನಕ್ಕೆ ಹತ್ತು ಗಂಟೆ ಕರೆಂಟ್ ಇರಲ್ಲ. ಇದ್ದಾಗ ಒಲೆ ಹಚ್ಚಲೋ, ಚಾರ್ಜರ್ ಸಿಕ್ಕಿಸಲೋ? ಚಾರ್ಜರ್ ಸಿಕ್ಕಿಸಿದೆ. ನಿನ್ನೆಯ ತಂಗಳು ನ್ಶಿಮಾ ಮುದ್ದೆ, ಒಂದಿಷ್ಟು ಒಣಮೀನು. ಸಾಕು.

ಸಂಜೆ 5

ಕಾರಲ್ಲಿ ಹೋಗಿ ಕೂತೆ. ನನ್ನ ಜಾಗದಲ್ಲಿ, ಎಡಗಡೆ. ಎರಡು ಸೀಟಿನ ನಡುವೆ ಡ್ರೈವರ್ ಸೀಟಿನ ಅಳತೆ ನೆನಪಿಡೋ ಗುಂಡಿಗಳಿವೆಯಲ್ಲ — ಒಂದು ಇವರದು, ಎರಡು ನಾನು ಓಡಿಸುವಾಗಿನದು. ಒಂದು ಒತ್ತಿದೆ.

ಡ್ರೈವರ್ ಸೀಟು ಸರ್ ಅಂತ ಹಿಂದೆ ಹೋಯಿತು. ಇವರ ಉದ್ದ ಕಾಲಿಗೆ ಜಾಗ ಬಿಟ್ಟು ನಿಂತಿತು. ಸ್ಟಿಯರಿಂಗ್ ಮೇಲಕ್ಕೆದ್ದಿತು. ಹೊರಗಿನ ಕನ್ನಡಿ ತಾನೇ ತಿರುಗಿತು. ಎಲ್ಲ ಸೇರಿ ಒಂಬತ್ತು ಸೆಕೆಂಡು. ಇವತ್ತು ಬ್ಯಾಟರಿ ನಿಶ್ಶಕ್ತಿ, ಸ್ವಲ್ಪ ಮುಲುಗಿತು. ಆದರೂ ಬಂದರು. ಬಂದು ಕೂತ ಹಾಗೇ ಇರುತ್ತೆ.

ಇವರು ಹೋಗಿ ಹದಿನಾಲ್ಕು ತಿಂಗಳಾಯಿತು. ಶರ್ಟುಗಳ ವಾಸನೆ ಹೋಯಿತು. ಫೋಟೋದಲ್ಲಿರೋದು ಯಾರೋ ಗಣಿಯ ಆಫೀಸರು, ಕತ್ತಿಗೆ ಟೈ ಬಿಗಿದುಕೊಂಡವರು. ಈ ಒಂಬತ್ತು ಸೆಕೆಂಡು ಮಾತ್ರ ಇವರು. ಬೇಕು ಇವರು. ಬರೆದರೆ ಯಾರು ನೋಡ್ತಾರೆ? ಬೇಕು.

ಅಕ್ಟೋಬರ್ 8, ಮಂಗಳವಾರ

ಬ್ಯಾಟರಿ ಇರೋದು ಡಿಕ್ಕಿಯಲ್ಲಿ. ತುದಿಗಳಿಗೆ ಹಸಿರು ಕಟ್ಟಿತ್ತು. ಸೋಡಾ ನೀರು ಸುರಿದು ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ಉಜ್ಜಿದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಬಿಗಿ. ಎಂಜಿನ್ ಓಡುವಾಗ ಮೀಟರ್ ಹದಿನಾಲ್ಕು ತೋರಿಸುತ್ತೆ. ಅಂದರೆ ಚಾರ್ಜ್ ಆಗ್ತಿದೆ, ನಿಂತಾಗ ಯಾವುದೋ ಕುಡೀತಿದೆ. ಯಾವುದು? ಇಪ್ಪತ್ತೆರಡು ವರ್ಷ ಇವರಿಗೆ ಟಾರ್ಚ್ ಹಿಡಿದೆ. ಕೆಲಸ ಕಲೀಲಿಲ್ಲ, ಬೈಗುಳ ಮಾತ್ರ ಕಲಿತೆ.

ಪಕ್ಕದ ಮನೆ ಬಾನಾ ಕುಂದಾ ಗೋಡೆ ಮೇಲಿಂದ ಇಣುಕಿದಳು. ಅವಳು ಕುಂದಾನ ಅಮ್ಮ, ನಾನು ಮಪಾಲೊ ಅಮ್ಮ; ಸ್ವಂತ ಹೆಸರಲ್ಲಿ ಕರೆದು ಎಷ್ಟು ವರ್ಷವಾಯಿತೋ.

"ಬಾನಾ ಮಪಾಲೊ! ಗಂಡ ಇದ್ದಾಗ್ಲೂ ಇಷ್ಟು ಉಪಚಾರ ಮಾಡಿರ್ಲಿಲ್ಲ ಕಣೇ ನೀನು."

"ಆಗ ಅವರೇ ಓಡಾಡ್ತಿದ್ರು. ತಳ್ಳೋ ಹಾಗಿರ್ಲಿಲ್ಲ."

"ಮಾರಿ ಬಿಸಾಕು. ನಿನಗಿಂತ ನಾಲ್ಕು ವರ್ಷ ಚಿಕ್ಕದು ಅಷ್ಟೇ ಇರ್ಬೇಕು ಅದು."

"ನಿನ್ನನ್ನ ಯಾರಾದ್ರೂ ಕೊಂಡ್ಕೊಂಡ ದಿನ ಇದನ್ನೂ ಮಾರ್ತೀನಿ."

ನಕ್ಕಳು, ಆದರೆ ಬಿಡಲಿಲ್ಲ. "ನಿನ್ನಳಿಯ ಗಣೀಲಿ ಮನೆಯಷ್ಟು ದೊಡ್ಡ ಲಾರಿಗೆ ವೈರು ಜೋಡಿಸ್ತಾನೆ. ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲೇ."

ಅಳಿಯಂದಿರನ್ನು ಹೇಗೆ ಕರೆಯಲಿ? ಶಾಸ್ತ್ರ ಆಗಿಲ್ಲ. ಅಳಿಯನನ್ನು ಮನೆಯೊಳಗೆ ಕರೆದು, ಹತ್ತು ಥರ ಅಡುಗೆ ಬಡಿಸಿ, ಮುಖ ನೋಡುವ ಶಾಸ್ತ್ರ. ಅದಾಗೋವರೆಗೆ ಅತ್ತೆ ಅಳಿಯ ಎದುರಾಗಬಾರದು, ಮಾತಾಡಬಾರದು. ದಿನ ಗೊತ್ತಾಗಿತ್ತು. ಅದಕ್ಕೆ ಮೂರು ವಾರ ಇರುವಾಗ ಇವರು ಹೋದರು. ಈಗಿನ ಹುಡುಗಿಯರು ನಗ್ತಾರೆ, ಕಿಟ್ವೆ ಪೇಟೆಯಲ್ಲಿ ಯಾರು ಮಾಡ್ತಾರೆ ಇದನ್ನೆಲ್ಲ ಅಂತ. ನಾನು ಹಳೇ ಪದ್ಧತಿ ಬಿಡದ ಕಸಾಮಾ ಕಡೆಯವಳು. ಮಾಡ್ತೀನಿ.

ಅಕ್ಟೋಬರ್ 12, ಶನಿವಾರ. ಸಂಜೆ 5

ಒಂದು ಒತ್ತಿದೆ. ಅರ್ಧ ದಾರಿಗೆ ನಿಂತಿತು ಸೀಟು. ಮತ್ತೆ ಒತ್ತಿದೆ, ಹೋಯಿತು. ಇನ್ನು ತಡ ಮಾಡಿದರೆ ಕೆಟ್ಟೆ. ಮಗಳು ಮಪಾಲೊಗೆ ಫೋನ್ ಮಾಡಿದೆ. ನಾಳೆ ಅಳಿಯಂದಿರನ್ನ ಕರಕೊಂಡು ಬರ್ತಾಳೆ.

ಅಕ್ಟೋಬರ್ 13, ಭಾನುವಾರ. ಮಧ್ಯಾಹ್ನ

ಬಂದರು. ನಾನು ಅಡುಗೆಮನೆ ಪರದೆ ಹಿಂದೆ. ಕಂಡಿದ್ದು ಎರಡು ಬೂಟು, ಅದೂ ಡಿಕ್ಕಿಯ ಕೆಳಗಿಂದ. ಹತ್ತು ಹೆಜ್ಜೆ ದೂರ. ನಾನು ಹೇಳಿದ್ದು ಅವರಿಗೆ ಕೇಳಿಸುತ್ತೆ, ಅವರು ಹೇಳಿದ್ದು ನನಗೆ. ಆದರೂ ಮಪಾಲೊ ನಡುವೆ ಓಡಾಡಬೇಕು.

"ಅಮ್ಮಾ, ಎಷ್ಟು ದಿನಕ್ಕೆ ಬ್ಯಾಟರಿ ಇಳಿಯುತ್ತೆ ಅಂತ ಕೇಳ್ತಿದಾರೆ."

"ಎರಡು ದಿನಕ್ಕೆ ಅನ್ನು."

"ಎರಡು ದಿನಕ್ಕಂತೆ, ರೀ."

"ರಾತ್ರಿ ಏನಾದ್ರೂ ಶಬ್ದ ಬರುತ್ತಾ, ಕೇಳು."

"ಬರಲ್ಲ ಅನ್ನು."

"ನೀವಿಬ್ರೂ ಫೋನಲ್ಲಿ ಮಾತಾಡ್ಕೊಳ್ಳಿ, ನನ್ನ ಚಪ್ಪಲಿ ಸವೀತು!" ಅಂದಳು ಮಪಾಲೊ. ಪರದೆ ಆಚೆ ಅವರು ಕೆಮ್ಮಿದರು. ನಗು ಅದು, ನನಗೆ ಗೊತ್ತಾಗಲ್ವಾ?

ಆಮೇಲೆ ನಾನೇ ಹೇಳಿಸಿದೆ. "ಒಳಗಡೆ ಯಾವುದನ್ನೂ ಮುಟ್ಟೋದು ಬೇಡ ಅನ್ನು. ಸೀಟು ಗೀಟು ಏನೂ."

"ಯಾಕಮ್ಮಾ?"

"ಬೇಡ ಅಂದ್ರೆ ಬೇಡ."

ಏನಂತ ಹೇಳಲಿ? ಸಂಜೆಯಾದರೆ ನಿನ್ನಪ್ಪನ ಪಕ್ಕ ಹೋಗಿ ಕೂರ್ತೀನಿ ಅಂತಲಾ? ಅಳಿಯಂದಿರು ಕೇಳಿಸಿಕೊಳ್ಳೋ ಹಾಗೆ?

ಬೂಟುಗಳು ಮಪಾಲೊ ಕಡೆ ತಿರುಗಿದವು. ಅವಳಿಗೆ ಏನೋ ಹೇಳಲು ಶುರು ಮಾಡಿದರು. "ಬೇಡ ಬಿಡು" ಅಂದರು. ಮತ್ತೆ ಸ್ಪ್ಯಾನರ್ ಸದ್ದು.

ಸಂಜೆ 4

ಸಿಕ್ಕಿತು! ಡಿಕ್ಕಿಯ ಲೈಟು. ಮುಚ್ಚಿದ ಮೇಲೂ ಒಳಗೆ ಉರೀತಾನೇ ಇತ್ತಂತೆ, ಸ್ವಿಚ್ ಕೆಟ್ಟು. ಮುಚ್ಚಿದ ಡಿಕ್ಕಿಯಲ್ಲಿ ಯಾರಿಗೆ ಕಾಣಬೇಕು? ಬ್ಯಾಟರಿ ಬಿಚ್ಚಿ, ನಡುವೆ ಮೀಟರ್ ಇಟ್ಟು ಹುಡುಕಿದರಂತೆ. ಮಪಾಲೊ ಕೂತು ಕೀ ತಿರುಗಿಸಿದಳು, ಅರ್ಧ ಸುತ್ತಿಗೇ ಎಂಜಿನ್ ಎದ್ದಿತು. ಕಡಲೆಕಾಯಿ ಹಾಕಿದ ಸೊಪ್ಪು, ಒಂದು ಇಡೀ ಕೋಳಿ ಕಟ್ಟಿ ಕಳಿಸಿದೆ. ಒಳ್ಳೇ ಅಳಿಯ ಸಿಕ್ಕಿದ್ದಾರೆ. ಇವರು ಹೇಳ್ತಾನೇ ಇದ್ದರು.

ಸಂಜೆ 5.20

ಒಂದು ಒತ್ತಿದೆ. ಏನೂ ಆಗಲಿಲ್ಲ.

ಎರಡು ಒತ್ತಿದೆ. ಏನೂ ಇಲ್ಲ. ಒಂದು. ಒಂದು. ಒಂದು.

ಸೀಟು ಕೆಟ್ಟಿಲ್ಲ. ಪಕ್ಕದ ಸ್ವಿಚ್ ಒತ್ತಿದರೆ ಹಿಂದೆ ಮುಂದೆ ಹೋಗುತ್ತೆ. ಎಲ್ಲಿ ನಿಲ್ಲಬೇಕು ಅನ್ನೋದು ಮರೆತಿದೆ.

ಅಕ್ಟೋಬರ್ 14, ಸೋಮವಾರ

ಇವರ ಸರ್ವೀಸ್ ಪುಸ್ತಕ ಹುಡುಕಿದೆ. ಮೂವತ್ತನೇ ಪುಟ, ಇವರ ಕೈಬರಹ — "ಬ್ಯಾಟರಿ ಬಿಚ್ಚುವ ಮುನ್ನ ಇನ್ನೊಂದು ಬ್ಯಾಟರಿ ಸಿಕ್ಕಿಸಬೇಕು. ಇಲ್ಲದಿದ್ದರೆ 1, 2 ಎರಡೂ ಹೋಗುತ್ತವೆ." ಕೆಳಗೆ ಎರಡು ಗೆರೆ. ನಾನು ಓದಿರಲಿಲ್ಲ. ಆಯಿಲ್ ಪುಟ, ನೀರಿನ ಪುಟ, ಅಷ್ಟೇ ಓದಿದ್ದು.

ಒಳಗೆ ಮುಟ್ಟಬೇಡ ಅಂದೆ, ಮುಟ್ಟಲಿಲ್ಲ ಮಹಾನುಭಾವರು. ಬಾಗಿಲನ್ನೂ ತೆಗೀಲಿಲ್ಲ. ಹೊರಗೇ ನಿಂತು ಇವರನ್ನ ಇಳಿಸಿ ಕಳಿಸಿಬಿಟ್ಟರು.

ಮಪಾಲೊಗೆ ಫೋನ್. ಶಾಸ್ತ್ರ ಗೀಸ್ತ್ರ ಈ ವರ್ಷ ಇಲ್ಲ ಅಂದೆ. ಯಾಕೆ ಅಂದಳು. ಕಟ್ ಮಾಡಿದೆ.

ಅಕ್ಟೋಬರ್ 27, ಭಾನುವಾರ

ಎರಡು ಶನಿವಾರ ಬಾನೆಟ್ ಎತ್ತಲಿಲ್ಲ. ಮಾವಿನ ಹೂವಿನ ಪುಡಿ ಗಾಜಿನ ಮೇಲೆ ಬಿದ್ದಿದೆ, ಬಿದ್ದಿರಲಿ.

ಬಾನಾ ಕುಂದಾ ತಟ್ಟೆ ಹಿಡಿದು ಬಂದಳು. ತಿನ್ನು ಅಂದಳು, ಬೇಡ ಅಂದೆ. ಏನಾಯ್ತೇ ಅಂದಳು. ಹೇಳಬಾರದು ಅಂತಲೇ ಇದ್ದೆ... ಎಲ್ಲ ಹೇಳಿದೆ. ಗುಂಡಿ, ಒಂಬತ್ತು ಸೆಕೆಂಡು, ಎಲ್ಲ. ಮೂಗು ಸೀನುತ್ತ ಅತ್ತೆ, ಇವರ ಹೆಣದ ಮುಂದೂ ಹಾಗೆ ಅತ್ತಿರಲಿಲ್ಲ.

"ಅಯ್ಯೋ ಹುಚ್ಚೀ," ಅಂದಳು. "ಸಂಜೆ ನೀನು ಕಾರಲ್ಲಿ ಕೂರೋದು ಬೀದಿಗೆಲ್ಲ ಗೊತ್ತು. ಪ್ರಾರ್ಥನೆ ಮಾಡ್ತಾಳೆ ಅಂದ್ಕೊಂಡಿದ್ವಿ."

"ಮಪಾಲೊಗೆ ಹೇಳಬೇಡ."

"ಇಲ್ಲಪ್ಪ, ನಾನ್ಯಾಕೆ ಹೇಳ್ಲಿ?"

ಅವಳ ಬಾಯಲ್ಲಿ ಒಂದು ಕಡಲೆಕಾಯೀನೂ ನೆನೆಯಲ್ಲ. ಗೊತ್ತಿದ್ದೇ ಹೇಳಿದೆನೇನೋ.

ನವೆಂಬರ್ 2, ಶನಿವಾರ

ಮಪಾಲೊ ಬಂದಳು. ಕಣ್ಣು ಊದಿಕೊಂಡಿತ್ತು.

"ಅವ್ರಿಗೆ ಗೊತ್ತಿತ್ತಮ್ಮಾ. ಬ್ಯಾಟರಿ ಬಿಚ್ಚಿದ್ರೆ ಸೀಟಿನ ಅಳತೆ ಹೋಗುತ್ತೆ ಅಂತ. ಅಳತೆ ಬರ್ಕೊಳ್ಳೋದಾ, ಕೇಳ್ಬೇಕು ಅಂದ್ಕೊಂಡ್ರಂತೆ."

"ಕೇಳೋಕೇನು ರೋಗ?"

"ಅತ್ತೆ ಕೂರೋ ಜಾಗದ ಅಳತೆ, ಅಳಿಯ ಹೇಗಮ್ಮಾ ಕೇಳೋದು?"

ನಿಜ. ಕೇಳಿದ್ದರೆ ನಾನೇ ಪೊರಕೆ ಎತ್ತಿಕೊಂಡು ಬರ್ತಿದ್ದೆ. ನನ್ನ ನಾಚಿಕೆ ನನಗೆ, ಅವರ ಮರ್ಯಾದೆ ಅವರಿಗೆ. ನಡುವೆ ಇವರು ಹೋದರು.

ನಾಳೆ ಚರ್ಚಿನಿಂದ ತಡವಾಗಿ ಬಾ ಅಂದಳು. ಕೀ ಇಸ್ಕೊಂಡು ಹೋದಳು.

ನವೆಂಬರ್ 3, ಭಾನುವಾರ. ಸಂಜೆ 6

ಬಂದಾಗ ಹೊರಟುಹೋಗಿದ್ದರು. ಕಾರು ತೊಳೆದಿತ್ತು. ಮೇಜಿನ ಮೇಲೆ ಚೀಟಿ. ನನಗಲ್ಲ, ಮಪಾಲೊಗೆ ಬರೆದದ್ದು. ನಾನು ಓದಲಿ ಅಂತಲೇ ಬಿಟ್ಟಿದ್ದಾಳೆ.

"ಅಮ್ಮನವರಿಗೆ ಹೇಳು. ಸೀಟಿನ ಹಳಿಯಲ್ಲಿ ಹಳೇ ಗ್ರೀಸು ಎರಡು ಕಡೆ ಗೆರೆ ಕಟ್ಟಿ ಗಟ್ಟಿಯಾಗಿದೆ. ಇಷ್ಟು ವರ್ಷ ಸೀಟು ಅಲ್ಲೇ ಬಂದು ನಿಲ್ಲುತ್ತಿತ್ತು. ಹಿಂದಿನ ಗೆರೆ ಅಪ್ಪನವರದು. ಅಲ್ಲೇ ನಿಲ್ಲಿಸಿ ಒಂದಕ್ಕೆ ಕೂಡಿಸಿದ್ದೇನೆ. ಸ್ಟಿಯರಿಂಗಿಗೂ ಗುರುತು ಸಿಕ್ಕಿತು. ಕನ್ನಡಿಗೆ ಸಿಗಲಿಲ್ಲ. ಮುಂದಿನ ಗೆರೆ ನಾನು ನೋಡಲಿಲ್ಲ. ತಪ್ಪಾಯಿತು."

ಮುಂದಿನ ಗೆರೆ, ಅಂದರೆ ನನ್ನದು, ನೋಡಲಿಲ್ಲವಂತೆ! ಅಳುತ್ತಿದ್ದವಳಿಗೆ ನಗು ಬಂತು. ಕಣ್ಣೆದುರೇ ಇತ್ತು, ನೋಡಲಿಲ್ಲವಂತೆ.

ಒಂದು ಒತ್ತಿದೆ. ಸರ್ ಅಂತ ಹೋಯಿತು. ಎಣಿಸಿದೆ. ಒಂಬತ್ತು. ಸೀಟಿನ ಬೆನ್ನು ತಬ್ಬಿಕೊಂಡು ಅತ್ತೆ, ಯಾರು ನೋಡಿದರೂ ನೋಡಲಿ ಅಂತ.

ಆದರೆ ಕನ್ನಡಿ ಆಕಾಶ ನೋಡ್ತಿದೆ. ಎಲ್ಲಿಗಿತ್ತು ಅದು? ಹೇಗೆ ಗೊತ್ತಾಗಬೇಕು? ಆ ಸೀಟಲ್ಲಿ, ಆ ಅಳತೆಯಲ್ಲಿ ನಾನು ಕೂತವಳೇ ಅಲ್ಲ. ಇವತ್ತು ಕೂತೆ. ಕಾಲು ಪೆಡಲಿಗೆ ಎಟುಕಲಿಲ್ಲ, ಶಾಲೆ ಹುಡುಗಿ ಥರ ನೇತಾಡಿತು.

ಕೂತಲ್ಲೇ ನೆನಪಾಯಿತು. ಬೆಳಿಗ್ಗೆ ಆರೂವರೆ. ಇವರು ಕಾರು ಗೇಟಿನಾಚೆ ತಂದು ನಿಲ್ಲಿಸ್ತಿದ್ದರು. ನಾನು ಗೇಟು ಎಳೆದು ಚಿಲಕ ಹಾಕಬೇಕು. ಹಾಕೋವರೆಗೆ ಹೋಗ್ತಿರಲಿಲ್ಲ. ಚಿಲಕ ಬಿದ್ದರೆ ಎರಡು ಸಲ ಹಾರ್ನ್, ಆಮೇಲೆ ಹೊರಡೋರು. ಒಂದು ದಿನ ತಪ್ಪಿಸಿದ್ದಿಲ್ಲ. "ಹೊತ್ತಾಗುತ್ತೆ, ರಸ್ತೆ ನೋಡ್ಕೊಂಡು ಹೋಗಿ ಅಂದ್ರೆ!" ಅಂತ ನಾನು ಕೂಗ್ತಿದ್ದೆ.

ಅಂದರೆ ಕನ್ನಡೀಲಿ ಗೇಟಿನ ಚಿಲಕ ಕಾಣಬೇಕು. ಚಿಲಕದ ಹತ್ತಿರ ನಾನು ನಿಂತಿರಬೇಕು. ಇವರಷ್ಟೇ ಎತ್ತರದವರು ಸೀಟಲ್ಲಿ ಕೂತು ಕನ್ನಡಿ ತಿರುಗಿಸಬೇಕು. ಅಷ್ಟು ಎತ್ತರ ಈ ಮನೆಗೆ ಒಬ್ಬರೇ. ಅತ್ತೆ ಮುಖವನ್ನ ಅಳಿಯಂದಿರು ಕನ್ನಡೀಲೂ ನೋಡೋ ಹಾಗಿಲ್ಲ.

ಮಪಾಲೊಗೆ ಫೋನ್ ಮಾಡಿದೆ. ಶಾಸ್ತ್ರಕ್ಕೆ ಕೋಳಿಗೆ ಹೇಳು ಅಂದೆ.

ನವೆಂಬರ್ 30, ಶನಿವಾರ

ಕೈಯಲ್ಲಿ ಇನ್ನೂ ಮಸಾಲೆ ವಾಸನೆ. ಹೆಂಗಸರು ಮಡಕೆ ತಲೆ ಮೇಲಿಟ್ಟುಕೊಂಡು, ಹಾಡಿಕೊಂಡು ಅಂಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಬಾನಾ ಕುಂದಾ, ತನ್ನದೇ ಅಳಿಯ ಅನ್ನೋ ಹಾಗೆ. ಸೊಪ್ಪು, ಅಣಬೆ, ಹುರುಳಿ, ಮೀನು, ಇಡೀ ಕೋಳಿ... ಒಂದೊಂದೇ ಮುಚ್ಚಳ ತೆಗೆದು ತೋರಿಸಿದೆವು. ಅಳಿಯಂದಿರು ಚಾಪೆ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಇವರ ಕುರ್ಚಿ ಗೋಡೆ ಪಕ್ಕ ಖಾಲಿ ಇತ್ತು. ಆ ಕಡೆ ನೋಡದೆ ಬಡಿಸಿದೆ.

ಕೈಗೆ ನೀರು ಹಾಕಿದೆ. ತಲೆ ಎತ್ತಿದರು. ಮುಖ ಪೂರ್ತಿ ನೋಡಿದ್ದು ಇವತ್ತೇ. ಎಡಗೆನ್ನೆಯಲ್ಲಿ ಗುಳಿ. ಹೆದರಿದ್ದರು. ನಾನೂ.

ಅತ್ತೆ ಮೊದಲ ಮಾತು ಆಡಬೇಕು. ದೊಡ್ಡವರೆಲ್ಲ ಆಶೀರ್ವಾದಕ್ಕೆ ಕಾಯ್ತಿದ್ದರು. ನನ್ನ ಬಾಯಿಂದ ಬಂದಿದ್ದು, "ಏನಪ್ಪಾ, ಬೆಳಿಗ್ಗೆ ಪುರುಸೊತ್ತಿದೆಯಾ? ಕನ್ನಡಿ ಒಂದು ಉಳಿದಿದೆ."

ಹೆಂಗಸರೆಲ್ಲ ಹೋ ಅಂದರು. ಬಾನಾ ಕುಂದಾ ನೆಲಕ್ಕೆ ಕೂತು ನಕ್ಕಳು. ಅಳಿಯ ಲೊಂಬೆ ನಗಲಿಲ್ಲ. "ಆರೂವರೆಗೆ ಬರ್ತೀನಮ್ಮಾ" ಅಂದ.

ಹೊತ್ತು ಅವನಿಗೆ ಯಾರು ಹೇಳಿದ್ದೋ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 7

ಟೀ ಒಲೆ ಮೇಲಿದೆ. ಇಬ್ಬರೂ ಹೊರಗೇ ಇದ್ದಾರೆ. ಮರೆಯೋ ಮುಂಚೆ ಬರೀಬೇಕು.

ಕಾರು ಗೇಟಿನಾಚೆ ನಿಲ್ಲಿಸಿದ. ಒಂದು ಒತ್ತಿದ, ಸೀಟು ಹಿಂದೆ ಹೋಯಿತು, ಕಾಲು ಸರಿಯಾಗಿ ಕೂತಿತು. ಮಪಾಲೊ ಆಚೆ ಕಡೆ ಕಿಟಕಿಗೆ ಒರಗಿ ನಿಂತಳು. "ಚಿಲಕ ಕಂಡ್ರೆ ಹೇಳಪ್ಪಾ" ಅಂದೆ. ಅಷ್ಟೇ ಅಂದಿದ್ದು.

ಗೇಟು ಎಳೆದೆ. ಕನ್ನಡಿ ಅಲ್ಲಾಡಿತು. ಮಾವಿನ ಮರ ಕಂಡಿತೇನೋ, ಆಮೇಲೆ ಬಾನಾ ಕುಂದಾಳ ಒಣಗಿದ ಬಟ್ಟೆ, ಆಮೇಲೆ ಗೋಡೆ. ನಿಂತಿತು. ಅದರಲ್ಲಿ ಅವನ ಕಣ್ಣು ಕಂಡವು ನನಗೆ, ಅಷ್ಟು ದೂರದಿಂದ. ಅಂದರೆ ಇವರಿಗೂ ನಾನು ಹೀಗೇ... ದಿನಾ... ತಲೆ ಬಾಚದೆ, ಹಳೇ ಬಟ್ಟೆ ಸುತ್ತಿಕೊಂಡು...

ಚಿಲಕ ಹಾಕಿದೆ.

ಹಾರ್ನ್. ಎರಡು ಸಲ.

ಮಪಾಲೊ ಹೇಳಿಕೊಟ್ಟಿರಬೇಕು. ಯಾರು ಹೇಳಿದರೇನು. ಚಿಲಕ ಹಿಡಿದು ನಿಂತುಬಿಟ್ಟೆ. ಬಾಯಿಂದ ತಾನೇ ಬಂತು, ಜೋರಾಗಿ, ಬೀದಿಗೆಲ್ಲ ಕೇಳೋ ಹಾಗೆ — ಹೊತ್ತಾಗುತ್ತೆ, ರಸ್ತೆ ನೋಡ್ಕೊಂಡು —