ದಿಂಬಿನ ಕೆಳಗಿನ ನೋವುಪಟ್ಟಿಗಳು

ಕ್ರಿ.ಶ. 2191, ಶ್ರಾವಣ, ನೆಲ ನಡುಗಿದ ಐವತ್ತೆರಡನೆಯ ದಿನ
ಕಾಗಿಣೆ ದಂಡೆಯ ಹಾಸುಗಲ್ಲೂರು, ಆಸರೆಮನೆ

ನೂರಾರು ವರ್ಷ ಹಿಂದಿರುವ ಹಿರಿಯರಿಗೆ ಜಗದೇವಿಯ ಶರಣು. ಈ ಪತ್ರದ ಕೆಲವು ಪದಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮಿಂದ ಬಾರದವನ್ನು ನಾವೇ ಹುಟ್ಟಿಸಿಕೊಳ್ಳಬೇಕಾಯಿತು. ನಾನು ಬೇನೆಗಾತಿ. ಮೂಳೆ ಕೂಡಿಸುವವಳಲ್ಲ, ಗಾಯ ಹೊಲಿಯುವವಳೂ ಅಲ್ಲ. ಗಾಯಗೊಂಡವರ ನೋವು ಇಳಿಸುವುದಷ್ಟೇ ನನ್ನ ಕೆಲಸ. ಮೈಯದ್ದೂ ಸರಿ, ಮನಸ್ಸಿನದ್ದೂ ಸರಿ. ನಿಮ್ಮ ಕಾಲದಲ್ಲಿ ಇದನ್ನು ಎಲ್ಲ ಮುಗಿದ ಮೇಲೆ ನೋಡುವ ಕೆಲಸ ಎನ್ನುತ್ತಿದ್ದಿರಂತೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಈಗ ಬೇರೆ ಊರುಗಳಲ್ಲಿ ಮನೆಗೆ ನಾರುಮಾಡು ಹೊದಿಸುತ್ತಾರೆ. ಸೆಣಬು ನೇಯ್ದ ಹಗುರ ಛಾವಣಿ ಅದು. ಮೈಮೇಲೆ ಬಿದ್ದರೂ ಕಂಬಳಿ ಬಿದ್ದಷ್ಟೇ. ನಮ್ಮೂರಿನವರಿಗೆ ಮಾತ್ರ ಕಲ್ಲಿನ ಮೇಲೆ ಮಮತೆ. ಮುತ್ತಜ್ಜರ ಹಾಸುಗಲ್ಲಿನ ಮಾಳಿಗೆಗಳನ್ನು ಇಳಿಸಿ ಎಂದರೆ ಕೇಳಲಿಲ್ಲ. ಕಡೆಗೆ ನೆಲ ನಡುಗಿದಾಗ ಅವೇ ಇಳಿದವು. ಗಾಯಗೊಂಡವರನ್ನು ಇರಿಸುವ ಈ ಆಸರೆಮನೆಯಲ್ಲಿ ನನ್ನ ಪಾಲಿನ ಅಂಕಣಕ್ಕೆ ಹನ್ನೆರಡು ಹೆಂಗಸರು ಬಂದರು. ಗೌಂಡಿ ಕೆಲಸದ ಭೀಮಾಬಾಯಿಗೆ ತೊಡೆಯ ಎಲುಬು ಮುರಿದಿತ್ತು. ಕಡೆಯ ಮಂಚದ ಚಾಂದಬೀಗೆ ಮುಂಗೈ ಮುರಿದಿತ್ತು; ಅವಳ ಮೂವರು ಮಕ್ಕಳು ಕಲ್ಲಿನಡಿಯೇ ಹೋಗಿದ್ದರು.

ದಿನಾ ಬೆಳಿಗ್ಗೆ ಒಬ್ಬೊಬ್ಬರ ಕೈಗೂ ಒಂದು ನೋವುಪಟ್ಟಿ ಕೊಡುತ್ತಿದ್ದೆ. ಉಗುರಗಲದ್ದು, ಕತ್ತಿನ ಹಿಂದೆ ಹಚ್ಚಿಕೊಂಡರೆ ಸಂಜೆಯವರೆಗೂ ನೋವು ತಣ್ಣಗಿರುತ್ತದೆ. ದೊಡ್ಡವರು, ತಾವೇ ಹಚ್ಚಿಕೊಳ್ಳುತ್ತಾರೆ ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ತಪ್ಪು ನನ್ನದೇ. ಎಲುಬು ಕೂಡಿಸಿ ಎಂಟು ದಿನವಾದರೂ ಭೀಮಾಬಾಯಿ ಕಾಲು ಊರಲಿಲ್ಲ. ಹೀಗೇ ಮಲಗಿದರೆ ಕಾಲು ಸೆಟೆದುಹೋಗುತ್ತದೆ ಎಂದು ಬೈದರೆ, ಬೆವರುತ್ತ, ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದಳು: "ನಂದೇನದ ಬಿಡ್ರಿ ಅಕ್ಕೋರೆ. ಮಕ್ಕಳಿಗಿ ಕಳಕೊಂಡಾಕಿ ಮುಂದ ನಂದೂ ಒಂದು ಬ್ಯಾನಿ ಏನು?"

ಒಂಬತ್ತನೆಯ ಬೆಳಿಗ್ಗೆ ಚಾಂದಬೀಯ ಹಾಸಿಗೆ ಬದಲಿಸಲು ದಿಂಬು ಎತ್ತಿದೆ. ಅಡಿಯಲ್ಲಿ ರಾಶಿ ನೋವುಪಟ್ಟಿ. ಆಕೆಯದೇ ದೊಡ್ಡ ನೋವು ಎಂದು ಹನ್ನೊಂದು ಮಂದಿಯೂ ತಮ್ಮ ತಮ್ಮದನ್ನು ಆಕೆಗೆ ಕೊಟ್ಟುಬಿಟ್ಟಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ! ಎಲುಬಿನ ಮದ್ದು ಮಕ್ಕಳ ದುಃಖಕ್ಕೆ ಹತ್ತುತ್ತದೆಯೇ?

ಚಾಂದಬೀ ತಲೆ ಎತ್ತದೆ ಹೇಳಿದಳು: "ಒಲ್ಲೆ ಅಂದ್ರ ಅವ್ರ ಮನಸಿಗಿ ಹತ್ತತದಂತ ಇಸ್ಕೊಂಡೆ. ಎಲ್ಲಾ ಒಮ್ಮೆಲೆ ಹಚ್ಕೊಂಡು ಮಕ್ಕಳ ಕಡಿ ಹೋಗಿಬಿಡಬೇಕಂತ ಅನಸ್ತದ್ರಿ."

ಪಟ್ಟಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಅವಳ ಪಕ್ಕ ಕುಳಿತೆ. ಆ ದಿನ ಅಲ್ಲಿಂದ ಏಳಲಿಲ್ಲ. ಪಟ್ಟಿಗಳನ್ನು ಏಕೆ ಕೂಡಿಟ್ಟಿದ್ದಳೆಂದು ಮಧ್ಯಾಹ್ನ ಅವಳೇ ಎಲ್ಲರಿಗೂ ಹೇಳಿದಳು. ಭೀಮಾಬಾಯಿ ಎದೆ ಎದೆ ಬಡಿದುಕೊಂಡಳು. "ಕೈಯಾರೆ ವಿಷ ಕೊಟ್ಟಂಗಾಯ್ತಲ್ಲಬೇ! ನನ್ನ ಕೈ ಸೇದಿಹೋಗ್ಲಿ!"

ಅಂದೇ ನಿರ್ಧರಿಸಿದೆವು. ಪಟ್ಟಿಯನ್ನು ನಾನೇ ಕತ್ತಿಗೆ ಹಚ್ಚುವುದು. ಚಾಂದಬೀಯನ್ನು ಒಂಟಿಯಾಗಿ ಬಿಡದೆ ಸರದಿಯ ಮೇಲೆ ಯಾರಾದರೂ ಜೊತೆಗಿರುವುದು. ದಿನಾ ಬೆಳಿಗ್ಗೆ ಅವಳೂ ನನ್ನೊಡನೆ ಮಂಚ ಮಂಚಕ್ಕೆ ಬಂದು "ಎಲ್ಲಿ ಬ್ಯಾನಿ ಅದ?" ಎಂದು ಕೇಳುವುದು, ಕೇಳಿದಾಗ ಏನಿಲ್ಲ ಎನ್ನುವ ಹಾಗಿಲ್ಲ. ನಾಲ್ಕನೆಯ ದಿನ ಭೀಮಾಬಾಯಿ ಚಾಂದಬೀಯ ಹೆಗಲು ಹಿಡಿದು, ನನ್ನ ಮನೆತನವನ್ನೆಲ್ಲ ಬೈಯುತ್ತ ಎದ್ದು ನಿಂತಳು. ಈಗ ನಲ್ಲಿಯವರೆಗೆ ತಾನೇ ಹೋಗಿಬರುತ್ತಾಳೆ.

ಹಿರಿಯರೇ, ನುಂಗಿಕೊಂಡು ಇರುವ ಈ ಗುಣ ನಿಮ್ಮಿಂದಲೇ ಬಂದದ್ದು. ಬಿದ್ದ ಮಗುವಿಗೆ "ಏನಾಗಿಲ್ಲ, ಏಳು" ಎಂದು ಕಲಿಸಬೇಡಿ. ಎಲ್ಲಿ ನೋವು ಎಂದು ಮೊದಲು ಕೇಳಿ, ಅದು ಹೇಳಿ ಮುಗಿಸುವವರೆಗೂ ಕಾಯಿರಿ. ನನ್ನ ಬೇಡಿಕೆ ಇಷ್ಟೇ.

ಇವತ್ತು ಸುತ್ತು ಮುಗಿದ ಮೇಲೆ ಭೀಮಾಬಾಯಿ ಚಾಂದಬೀಯ ಸೆರಗು ಹಿಡಿದು ಕೂರಿಸಿದಳು. "ಎಲ್ಲಾರ್ಗೂ ಕೇಳ್ತಿ. ನಿನಗೆಲ್ಲಿ ಬ್ಯಾನಿ ಅದ, ಹೇಳಬೇ." ಚಾಂದಬೀ ಐವತ್ತೆರಡು ದಿನಗಳಲ್ಲಿ ಮೊದಲ ಸಲ ಹಿರಿಮಗನ ಹೆಸರು ಹೇಳಿದಳು. ಅವನು ಬಿಸಿ ರೊಟ್ಟಿಯನ್ನು ಒಲೆಯ ಮುಂದೆಯೇ ಕಸಿದು ತಿನ್ನುತ್ತಿದ್ದನಂತೆ. ಈಗ ಎರಡನೆಯವಳ ಮಾತು ನಡೆದಿದೆ. ಚಿಕ್ಕವನದು ಇನ್ನೂ ಇದೆ. ಕೇಳಬೇಕು, ಪೆನ್ನು ಕೆಳಗಿಡುತ್ತೇನೆ.