ಅಮ್ಮನಿಗೆ ನೀರು ಕೊಟ್ಟವನು

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಆರಾಮಾಗಿದ್ದಾಳೆ, ಬಿಪಿಯೂ ಏರಿಲ್ಲ. ಏರಿರುವುದು ನನಗೆ. ನಾವು ಉಂಡು ಮಲಗುವ ಈ ವ್ಯಾನಿಗೆ ಸ್ಟೇರಿಂಗ್ ಲಾಕು, ಬಾಗಿಲಿಗೆ ಎರಡು ಬೀಗ, ಒಳಗೆ ಏನು ಅಲುಗಿದರೂ ಕೂಗುವ ಅಲಾರಂ ಎಲ್ಲ ಹಾಕಿಸಿದ್ದೆನಲ್ಲ. ನಿನ್ನೆ ಮಧ್ಯಾಹ್ನ ಈ ಗುರುತಿಲ್ಲದ ಊರಿನ ಸಂತೆ ಪಕ್ಕ ವ್ಯಾನು ನಿಲ್ಲಿಸಿದೆ. ಅಮ್ಮ ಮಲಗಿದ್ದಳು. ಅವಳು ಮಗ್ಗುಲು ಬದಲಿಸಿದರೂ ಕೂಗುತ್ತದೆಂದು ಅಲಾರಂ ಆರಿಸಿ, ಬೀಗ ಹಾಕಿಕೊಂಡು ತರಕಾರಿಗೆ ಹೋದೆ.

ಬಂದು ನೋಡಿದರೆ ಎರಡೂ ಬೀಗ ಮುರಿದು ಬಿದ್ದಿವೆ. ತರಕಾರಿ ಚೀಲ ಅಲ್ಲೇ ಬಿಟ್ಟು ಒಳಗೆ ನುಗ್ಗಿದೆ. ಕ್ಯಾಮೆರಾ ಇಲ್ಲ, ರೇಡಿಯೋ ಇಲ್ಲ, ಗ್ಯಾಸ್ ಸಿಲಿಂಡರ್ ಕೂಡ ಇಲ್ಲ. ಅಮ್ಮ ಮಾತ್ರ ಕುತ್ತಿಗೆವರೆಗೆ ಹೊದ್ದು ಮಲಗಿದ್ದಾಳೆ, ಪಕ್ಕದಲ್ಲಿ ಖಾಲಿ ಲೋಟ. ಕನ್ನಡಕ ತೆಗೆದಿಟ್ಟಿದ್ದ ಅವಳು ಕಳ್ಳನನ್ನೇ ನಾನೆಂದುಕೊಂಡು ನೀರು ಕೇಳಿದ್ದಾಳೆ. ಆ ಪುಣ್ಯಾತ್ಮ ನೀರು ಕೊಟ್ಟು, ಕಂಬಳಿ ಹೊದಿಸಿ, ಮಿಕ್ಕದ್ದನ್ನು ಹೊತ್ತುಕೊಂಡು ಹೋಗಿದ್ದಾನೆ.

"ಅಮ್ಮಾ, ಬಂದಿದ್ದು ನಾನಲ್ಲ, ಕಳ್ಳ" ಎಂದೆ.

"ನಂಗೂ ಅನುಮಾನ ಬಂತು ಕಣೋ" ಎಂದಳು. "ಒಂದೇ ಸಲ ಕೇಳಿದ್ದಕ್ಕೆ ನೀರು ತಂದುಕೊಟ್ಟ."

ಬೀಗ ರಿಪೇರಿಯವನು ಬಂದಿದ್ದಾನೆ. ಅವನು ಕಾಯಲಿ. ಅಮ್ಮ ನೀರು ಕೇಳುತ್ತಿದ್ದಾಳೆ, ಏಳುತ್ತೇನೆ.

ನಿನ್ನ ತಮ್ಮ